ಗಾಯ ಅಳೆಯಲು ಕಲಿಸಿದವರು

ಹೋದ ತಿಂಗಳು ಫಾರ್ಮಸಿ ಕಾಲೇಜಿನಲ್ಲಿ ನಮ್ಮ ಸರ್ ಅವರ ಶ್ರದ್ಧಾಂಜಲಿ ಸಭೆ ಇತ್ತು. ಪ್ರಾಂಶುಪಾಲರು ನನ್ನನ್ನೂ ಕರೆದರು. "ಶಮೀಮಾ ಅವರು ಹತ್ತೊಂಬತ್ತು ವರ್ಷ ಸರ್ ಜೋಡಿ ಲ್ಯಾಬಿನ್ಯಾಗ ಕೆಲಸಾ ಮಾಡ್ಯಾರ. ಎರಡು ಮಾತು ಹೇಳ್ರಿ," ಅಂದರು. ಹೋಗಿ ಮೈಕಿನ ಮುಂದೆ ನಿಂತೆ. ಹಾರ ಹಾಕಿದ ಫೋಟೋದಲ್ಲಿ ಅವರು ನಗುತ್ತಿದ್ದರು. ಮೀಸೆಗೆ ಹೊಸದಾಗಿ ಕಪ್ಪು ಹಚ್ಚಿಸಿಕೊಂಡು ತೆಗೆಸಿದ ಫೋಟೋ ಅದು. "ಸರ್ ಕೈ ಬಹಳ ಹಗುರ ಇತ್ತು," ಎಂದೆ. ಅಷ್ಟು ಹೇಳಿ ಮೈಕಿನಿಂದ ಹಿಂದೆ ಸರಿದೆ. ದುಃಖ ಉಕ್ಕಿ ಬಂತು ಅಂತ ತಿಳಿದು ಒಬ್ಬ ಮೇಡಂ ನೀರು ತಂದುಕೊಟ್ಟರು. ಉಕ್ಕಿ ಬಂದದ್ದು ಸಿಟ್ಟು. ನೀರು ಕುಡಿದು ಬಂದು ಕೂತೆ.

ಅವತ್ತು ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬರೆಯುವುದಿಲ್ಲ. ಅವರ ಮನೆಯವರು ನನಗೆ ಯಾವತ್ತೂ ಕೆಟ್ಟದ್ದು ಮಾಡಿದವರಲ್ಲ. ಇನ್ನು ಉದ್ದಕ್ಕೂ 'ಅವರು', 'ಸರ್' ಅಂತಲೇ ಬರುತ್ತದೆ. ಸಿಟ್ಟು ಬಂದಾಗಲೂ ಬಾಯಿ ಏಕವಚನಕ್ಕೆ ತಿರುಗುವುದಿಲ್ಲ, ರೂಢಿ ಬಿದ್ದುಹೋಗಿದೆ.

ನಾನು ಬ್ಯಾಡಗಿಯವಳು. ರಾಣೆಬೆನ್ನೂರಿನ ಆ ಕಾಲೇಜಿಗೆ ಲ್ಯಾಬ್ ಅಟೆಂಡರ್ ಆಗಿ ಸೇರಿದಾಗ ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ, ಅಷ್ಟೇ. ಬಾಟಲಿಯ ಮೇಲಿನ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಮೊದಲ ವಾರವೇ ಯಾವುದೋ ಆಸಿಡ್ಡಿನ ಬಾಟಲಿ ತೊಳೆಯಲು ಹೋಗಿ ಕೈ ಸುಟ್ಟುಕೊಂಡೆ. ಬೇರೆಯವರಾಗಿದ್ದರೆ ಬೈದು ಕಸ ಗುಡಿಸಲು ಕಳಿಸುತ್ತಿದ್ದರು. ಇವರು ಕೈಗೆ ಮುಲಾಮು ಹಚ್ಚಿ, ಮರುದಿನದಿಂದ ಊಟದ ಬಿಡುವಿನಲ್ಲಿ ಒಂದೊಂದೇ ಬಾಟಲಿ ಮುಂದಿಟ್ಟು ಓದಿಸಿದರು. "ಓದಾಕ ಬರದಿದ್ರ ಮುಟ್ಟಬ್ಯಾಡ, ಮುಟ್ಟಬೇಕಂದ್ರ ಓದು," ಅನ್ನುತ್ತಿದ್ದರು. ಆರು ತಿಂಗಳಲ್ಲಿ ಕಪಾಟಿನ ಎಲ್ಲ ಹೆಸರೂ ನನಗೆ ಬಾಯಿಪಾಠ. ಮುಂದೆ ಪಿಯುಸಿಗೆ ಖಾಸಗಿಯಾಗಿ ಕಟ್ಟಿಸಿದರು, ಪಾಸಾದ ದಿನ ಇಡೀ ವಿಭಾಗಕ್ಕೆ ಗಿರ್ಮಿಟ್ಟು, ಮಿರ್ಚಿ ತರಿಸಿದರು. ಹೊರಗಿನಿಂದ ಯಾರಾದರೂ ಬಂದರೆ, "ಇಕಿ ನಮ್ಮ ಸೈಂಟಿಸ್ಟ್ ನೋಡ್ರಿ," ಎಂದು ನನ್ನ ಕಡೆ ಕೈ ತೋರಿಸುತ್ತಿದ್ದರು. ನಾನು ನಾಚಿಕೊಂಡು ಬೀಕರು ಒರೆಸುತ್ತಾ ನಿಲ್ಲುತ್ತಿದ್ದೆ. ಆ ಮಾತು ಕೇಳಲೆಂದೇ ಯಾರಾದರೂ ಬರಲಿ ಅಂತ ಮನಸ್ಸು ಬಯಸುತ್ತಿತ್ತು, ಸುಳ್ಳೇಕೆ.

ಸರ್ ಊರು ಗುತ್ತಲದ ಕಡೆ. ಒಕ್ಕಲುತನದ ಮನೆಯಿಂದ ಬಂದವರಾದ್ದರಿಂದ ಪ್ರಾಣಿಗಳ ಜೊತೆ ಬಹಳ ಸಲುಗೆ. ಪ್ರಯೋಗದ ಇಲಿಗಳಿಗೆ ಅವರು ಇಟ್ಟ ಹೆಸರು 'ಪಾವಣೇರು', ಅಂದರೆ ಮನೆಗೆ ಬಂದ ನೆಂಟರು. ಬೆಳಿಗ್ಗೆ ಬಂದವರೇ ಪಂಜರಗಳ ಮುಂದೆ ಬಗ್ಗಿ, "ಏನ್ರಪಾ ಪಾವಣೇರ, ಉಂಡ್ರ್ಯಾ? ರಾತ್ರಿ ನಿದ್ದಿ ಬಂತ್ಯಾ?" ಅಂತ ವಿಚಾರಿಸುವರು. ಸೂಜಿ ಹಾಕುವಾಗ ಇಲಿ ಚೀರಿದ್ದನ್ನು ನಾನು ಕೇಳಲೇ ಇಲ್ಲ. ಕಾಲೇಜಿನ ಯಾರಿಗೆ ತಂತಿ ಚುಚ್ಚಿದರೂ ಧನುರ್ವಾಯುವಿನ ಇಂಜೆಕ್ಷನ್ನಿಗೆ ಇವರ ಹತ್ತಿರವೇ ಓಡಿಬರುವರು. ಆ ಹಗುರ ಕೈಯ ಮಾತನ್ನು ನಾನು ಸಭೆಯಲ್ಲಿ ಮುಖಸ್ತುತಿಗೆ ಹೇಳಲಿಲ್ಲ.

ಅವರಿಗೆ ಸಿಟ್ಟೂ ಇತ್ತು. ಒಮ್ಮೆ ಒಬ್ಬ ವಿದ್ಯಾರ್ಥಿ ಇಲಿಯ ತೂಕ ನೋಡದೆಯೇ ನಿನ್ನೆಯ ಅಂಕಿಯನ್ನು ಇವತ್ತಿಗೂ ಬರೆದಿದ್ದ. ಸರ್ ರಿಜಿಸ್ಟರನ್ನು ಎತ್ತಿ ಕಿಟಕಿಯಿಂದ ಹೊರಗೆ ಒಗೆದರು. "ಕಂಡದ್ದು ಬರಿ! ಬೇಕಾದ್ದು ಬರಿಯೂದಿದ್ರ ಕಾದಂಬರಿ ಬರಿ, ಹೋಗು!" ಎಂದು ಕೂಗಿದ್ದು ಕಾಲೇಜಿಗೆಲ್ಲ ಕೇಳಿಸಿತು. ರಿಜಿಸ್ಟರು ಹೆಕ್ಕಿ ತಂದು ಧೂಳು ಝಾಡಿಸಿ ಮೇಜಿನ ಮೇಲಿಟ್ಟವಳು ನಾನೇ.

ಅವರ ಪಿಎಚ್‌ಡಿ ಮುಗಿಯದೆ ಹನ್ನೆರಡು ವರ್ಷ ಆಗಿತ್ತು. ಅವರಿಗಿಂತ ಚಿಕ್ಕವರು ಡಾಕ್ಟರ್ ಆಗಿ, ವಿಭಾಗದ ಮುಖ್ಯಸ್ಥರೂ ಆಗಿ, ಇವರಿಗೆ ರಜೆ ಮಂಜೂರು ಮಾಡುವ ಕುರ್ಚಿಯಲ್ಲಿ ಕೂತಿದ್ದರು. ಕಡೆಗೆ ಸರ್ ಹಿಡಿದ ವಿಷಯ ಒಂದು ಪೆಪ್ಟೈಡು. ಪೆಪ್ಟೈಡ್ ಅಂದರೆ ಏನೆಂದು ನನಗೆ ತಿಳಿಸಿಕೊಟ್ಟದ್ದೂ ಅವರೇ. ನಮ್ಮ ಮೈಯ ಪ್ರೋಟೀನುಗಳೆಲ್ಲ ಅಮೈನೋ ಆಮ್ಲವೆಂಬ ಮಣಿಗಳ ಸರ. ಅಂಥ ಹದಿನೈದೇ ಮಣಿಗಳನ್ನು ಪ್ರಯೋಗಾಲಯದಲ್ಲಿ ಪೋಣಿಸಿದ ಗಿಡ್ಡ ಸರ ಇದು. ಹರಿದ ಸ್ನಾಯು, ಒಡೆದ ಚರ್ಮ ಬೇಗ ಕೂಡಿಕೊಳ್ಳಲು ಇದರಿಂದ ನೆರವಾಗುತ್ತದೆಯೇ ಅಂತ ಬೇರೆ ಬೇರೆ ಕಡೆ ಸಂಶೋಧನೆ ನಡೆದಿತ್ತು. ಇಂಥವು ಸೆಕೆಗೆ ಬೇಗ ಕೆಡುತ್ತವೆ. ಇವರು ತರಿಸಿದ್ದು ಒಂದು ಲವಣ ಕೂಡಿಸಿ, ಕೆಡದಂತೆ ಸ್ಥಿರ ಮಾಡಿದ ಬಗೆ. "ಕರೆಂಟ್ ಹೋದ್ರೂ ಚಿಂತಿಲ್ಲ ಶಮೀಮಾ, ಇದು ನಮ್ಮ ಬ್ಯಾಸಗಿಗೂ ಅಂಜಂಗಿಲ್ಲ," ಅಂದಿದ್ದರು. ಕಿರುಬೆರಳಿನಷ್ಟು ಗಾಜಿನ ಬಾಟಲಿ, ತಳದಲ್ಲಿ ಚಿಟಿಕೆ ಬಿಳಿ ಪುಡಿ. ಮೇಲಿನ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಇಷ್ಟಿತ್ತು: ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗೆ ಅಲ್ಲ. ಅದನ್ನು ಓದುವಷ್ಟು ಇಂಗ್ಲಿಷ್ ನನಗೆ ಆಗ ಬರುತ್ತಿತ್ತು. ಇದನ್ನೂ ಹೇಳಿಬಿಡಬೇಕು, ತಪ್ಪೆಲ್ಲ ಅವರ ತಲೆಗೇ ಕಟ್ಟಿದೆ ಅಂತ ಆಗಬಾರದು.

ಪ್ರಯೋಗ ಹೀಗಿತ್ತು. ಇಪ್ಪತ್ತನಾಲ್ಕು ಇಲಿ. ಅರಿವಳಿಕೆ ಕೊಟ್ಟು, ಬೆನ್ನಿನ ಕೂದಲು ತೆಗೆದು, ಒಂದು ರೂಪಾಯಿ ನಾಣ್ಯದಷ್ಟು ಚರ್ಮ ತೆಗೆಯುವುದು. ಅರ್ಧದಷ್ಟು ಇಲಿಗಳಿಗೆ ಪೆಪ್ಟೈಡ್, ಇನ್ನರ್ಧಕ್ಕೆ ಬರೀ ಉಪ್ಪುನೀರು. ಒಂದು ಗುಂಪು ಎ, ಇನ್ನೊಂದು ಬಿ. ಯಾವುದಕ್ಕೆ ಔಷಧ ಅನ್ನುವುದು ಅಳೆಯುವ ನನಗೆ ಗೊತ್ತಿರಬಾರದು, ಗೊತ್ತಿದ್ದರೆ ಕಣ್ಣು ಪಕ್ಷಪಾತ ಮಾಡುತ್ತದೆ. ಗುಟ್ಟು ಬರೆದ ಲಕೋಟೆ ಅಂಟು ಹಾಕಿ ಪ್ರಾಂಶುಪಾಲರ ಕಪಾಟು ಸೇರಿತು. ಔಷಧ ಕಲೆಸುತ್ತಿದ್ದ ಸರ್‌ಗೆ ಮಾತ್ರ ಅದು ಗೊತ್ತು. ನಾಲ್ಕು ದಿನಕ್ಕೊಮ್ಮೆ ಗಾಯದ ಮೇಲೆ ಪಾರದರ್ಶಕ ಹಾಳೆ ಇಟ್ಟು ಅಂಚು ಬರೆದುಕೊಂಡು, ಅದನ್ನು ಗ್ರಾಫ್ ಕಾರ್ಡಿಗೆ ಇಳಿಸಿ, ಒಳಗಿನ ಚೌಕ ಎಣಿಸುವುದು ನನ್ನ ಕೆಲಸ. ಒಂದು ಇಲಿಗೆ ಒಂದು ಕಾರ್ಡು. "ಗಾಯದ ಅಂಚು ನೋಡು, ನಡುವ ನೋಡಬ್ಯಾಡ. ನಡುವ ಮಂದಿಗೆ ಅಂಜಿಸತೈತಿ, ಅಂಚು ಖರೇ ಹೇಳತೈತಿ," ಎಂದು ನನ್ನ ಕೈ ಹಿಡಿದು ಕಲಿಸಿದರು.

ಕಾರ್ಡಿನ ಮೇಲೆ ಗುಂಪಿನ ಅಕ್ಷರವನ್ನು ಶಾಯಿಯಲ್ಲಿ ಬರೆಯುತ್ತಿದ್ದೆ. ಹಿಂದೆ, ಮೂಲೆಯಲ್ಲಿ, ಪೆನ್ಸಿಲಿನಿಂದ ಅದನ್ನೇ ಉರ್ದುವಿನಲ್ಲಿ ಸಣ್ಣಗೆ ಬರೆಯುತ್ತಿದ್ದೆ. ಎ ಗೆ ಅಲಿಫ್, ಬಿ ಗೆ ಬೇ. ಇದು ಯಾರೂ ಹೇಳಿಕೊಟ್ಟದ್ದಲ್ಲ. ನಮ್ಮ ಅಬ್ಬಾ ಬ್ಯಾಡಗಿ ಮಾರುಕಟ್ಟೆಯ ದಲಾಲಿ ಅಂಗಡಿಯೊಂದರಲ್ಲಿ ಮೆಣಸಿನಕಾಯಿ ರಾಶಿಗೆ ಚೀಟಿ ಬರೆಯುತ್ತಿದ್ದರು. ಚೀಟಿಯ ಮುಂದೆ ಕನ್ನಡ ಅಂಕಿ, ಹಿಂದೆ ಉರ್ದು ಅಂಕಿ. ಮೆಣಸಿನಕಾಯಿಯ ಕೆಂಪು ತಿಕ್ಕಿ ತಿಕ್ಕಿ ಮುಂದಿನದು ಅಳಿಸಿಹೋದರೂ ಹಿಂದಿನದು ಉಳಿಯುತ್ತದೆ, ಒಬ್ಬನ ರಾಶಿ ಇನ್ನೊಬ್ಬನ ಪಾಲಾಗುವುದಿಲ್ಲ. ಚಿಕ್ಕಂದಿನಲ್ಲಿ ಅವರ ಪಕ್ಕ ಕೂತು ಚೀಟಿ ಬರೆದ ಕೈ ನನ್ನದು. ಸರ್ ಆ ಪೆನ್ಸಿಲ್ ಗೀಟನ್ನು ಒಮ್ಮೆಯೂ ಕೇಳಲಿಲ್ಲ. ಅಲಿಫ್ ಅಂದರೆ ಒಂದು ಉದ್ದ ಗೀಟು ತಾನೇ, ಗಮನಿಸಿರಲಿಕ್ಕಿಲ್ಲ.

ಪ್ರಯೋಗ ಮುಗಿದ ಮೇಲೆ ಎರಡು ದಿನ ಕಾರ್ಡುಗಳ ಕಟ್ಟು ಅವರ ಕೋಣೆಯಲ್ಲಿತ್ತು. ಮೂರನೆಯ ದಿನ ಪ್ರಾಂಶುಪಾಲರು ಎಲ್ಲರೆದುರು ಲಕೋಟೆ ಒಡೆದರು. ಬಿ ಅಂದರೆ ಔಷಧ. ಬಿ ಗುಂಪಿನ ಗಾಯ ಹದಿನಾರನೆಯ ದಿನಕ್ಕೆ ಹೆಚ್ಚುಕಡಿಮೆ ಮುಚ್ಚಿಹೋಗಿತ್ತು, ಎ ಗುಂಪಿನದು ಇನ್ನೂ ತೆರೆದಿತ್ತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ನಾನು. ನಾನೇ ಎಣಿಸಿದ ಚೌಕಗಳಲ್ಲವೇ! ಮರುವರ್ಷ ಅವರ ಹೆಸರಿನ ಹಿಂದೆ ಡಾಕ್ಟರ್ ಬಂತು. ಅಮ್ಮಾ ಎರಡು ಕಿಲೋ ಮೆಣಸಿನಕಾಯಿ ಬಿಸಿಲಿಗೆ ಹಾಕಿ, ಕುಟ್ಟಿಸಿ, ಖಾರದಪುಡಿ ಡಬ್ಬಿಯಲ್ಲಿ ತುಂಬಿ ಅವರ ಮನೆಗೆ ಕಳಿಸಿದಳು.

ಅಮ್ಮಾ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುವ ಕೆಲಸಕ್ಕೆ ಹೋಗುತ್ತಿದ್ದಳು. ಸಕ್ಕರೆ ಕಾಯಿಲೆ ಇತ್ತು. ಮರುವರ್ಷದ ಸುಗ್ಗಿಯಲ್ಲಿ ಅವಳ ಅಂಗಾಲಿಗೆ ಏನೋ ಚುಚ್ಚಿ ಗಾಯವಾಯಿತು. ಎಷ್ಟೋ ದಿನ ಅದರ ಮೇಲೇ ಓಡಾಡಿದ್ದಾಳೆ. ಗಾಯಕ್ಕೆ ಖಾರ ಹತ್ತಿದರೂ ಉರಿ ಗೊತ್ತಾಗಿಲ್ಲ. ಉರಿಯದೆ ಇದ್ದದ್ದೇ ದೊಡ್ಡ ಅಪಾಯ ಅಂತ ನಮಗೇನು ಗೊತ್ತು! ಊರಿನ ಡಾಕ್ಟರು ನೋಡಿ, "ಹಾವೇರಿಗೆ ಹೋಗಿ ಅಡ್ಮಿಟ್ ಆಗ್ರಿ. ಲಗೂ ಹೋಗ್ರಿ, ತಡಾ ಮಾಡಬ್ಯಾಡ್ರಿ," ಅಂದರು. ಅಮ್ಮಾ ಸುತರಾಂ ಒಪ್ಪಲಿಲ್ಲ. ಹೋದರೆ ಕಾಲು ತೆಗೆದೇ ಕಳಿಸುತ್ತಾರೆ ಅಂತ ಅವಳ ಹೆದರಿಕೆ. ನಾನು ಬೈದು ಎಳೆದುಕೊಂಡು ಹೋಗಬಹುದಿತ್ತು. ಹೋಗಲಿಲ್ಲ. ನನ್ನ ತಲೆಯಲ್ಲಿ ಬಿ ಗುಂಪು ಕೂತಿತ್ತು.

ಮರುದಿನ ಸರ್ ಕೋಣೆಗೆ ಹೋಗಿ ಕೇಳಿದೆ. "ಸರ್, ಆ ಪೆಪ್ಟೈಡ್ ಇನ್ನೂ ನಾಕ ಬಾಟ್ಲಿ ಉಳದಾವಲ್ರಿ. ನಮ್ಮ ಅಮ್ಮಾಗ ಕೊಡ್ತೀರೇನ್ರಿ?"

ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. "ಡಾಕ್ಟರ್ ಏನಂದಾರ?"

"ಹಾವೇರಿಗೆ ಹೋಗ್ರಿ ಅಂದಾರ್ರಿ. ಅಕಿ ಒಲ್ಲೆ ಅಂತಾಳ. ನಮ್ಮ ಇಲಿಗೆ ಹದಿನಾರು ದಿನದಾಗ ಮುಚ್ಚಿತ್ತಲ್ರಿ ಸರ್. ನಾನ ಎಣಿಸೀನಲ್ರಿ."

ಕನ್ನಡಕ ಒರೆಸಿ ಮುಗಿಯಲೇ ಇಲ್ಲ. ಕಿಟಕಿಯ ಕಡೆ ನೋಡಿದರು. ಆಮೇಲೆ ಎದ್ದು ಡ್ರಾಯರಿನಿಂದ ನಾಲ್ಕೂ ಬಾಟಲಿ ತೆಗೆದು, ಉಪ್ಪುನೀರು ಎಷ್ಟು ಹಾಕಬೇಕು, ಗಾಜ್ ಬಟ್ಟೆ ಹೇಗೆ ತೋಯಿಸಬೇಕು ಎಲ್ಲ ತೋರಿಸಿದರು. "ಹೊರಗಷ್ಟ ಹಚ್ಚು, ಸೂಜಿ ಮಾಡಬ್ಯಾಡ. ಮತ್ತ ಯಾರ ಮುಂದೂ ಹೇಳಬ್ಯಾಡ. ಇದು ಮಂದಿಗೆ ಕೊಡೂ ಔಷಧ ಅಲ್ಲ."

"ಗುಣಾ ಆಗತೈತ್ರಿಲ್ಲ ಸರ್?"

"ನೋಡೂಣು," ಅಂದರು.

ನನಗೆ ಅಳು ಬಂತು. ನನಗಾಗಿ ನೌಕರಿಯನ್ನೇ ಅಪಾಯಕ್ಕೆ ಒಡ್ಡಿಕೊಂಡ ಮನುಷ್ಯ ಅಂತ ಬಸ್ಸಿನ ತುಂಬ ಅವರಿಗೆ ದುವಾ ಮಾಡುತ್ತಾ ಬ್ಯಾಡಗಿಗೆ ಬಂದೆ.

ಅವರು ಕಲಿಸಿದ ಹಾಗೆಯೇ ಅಮ್ಮನ ಅಂಗಾಲಿಗೂ ನಾಲ್ಕು ದಿನಕ್ಕೊಮ್ಮೆ ಹಾಳೆ ಇಟ್ಟು ಅಂಚು ಬರೆದೆ. ಅಮ್ಮಾ ನಕ್ಕಳು, "ನನ್ನನ್ನೂ ಇಲಿ ಮಾಡಿದೆಯಾ?" ಅಂತ. ಮೊದಲ ಸಲ ಎಣಿಸಿದ್ದಕ್ಕಿಂತ ಎರಡನೆಯ ಸಲ ಚೌಕ ಹೆಚ್ಚಾಗಿದ್ದವು. ಮೂರನೆಯ ಸಲ ಇನ್ನೂ ಹೆಚ್ಚು. ಹಾಳೆಗಳನ್ನು ಬ್ಯಾಗಿನಲ್ಲಿ ಹಾಕಿಕೊಂಡು ಹೋಗಿ ಸರ್‌ಗೆ ತೋರಿಸಿದೆ. ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದು ನೋಡಿದರು. ಗಾಯ ಓದಲು ಅವರಿಗಿಂತ ಚೆನ್ನಾಗಿ ಬಲ್ಲವರು ನಮ್ಮ ಕಾಲೇಜಿನಲ್ಲಿ ಯಾರಿದ್ದರು? "ಮೊದಲಿಗೆ ಸತ್ತ ಚರ್ಮ ಬಿಡತೈತಿ, ಅದಕ್ಕ ದೊಡ್ಡದ ಕಾಣತೈತಿ. ಇನ್ನೊಂದ ನಾಕ ದಿನಾ ನೋಡು," ಅಂದರು. ನಾನು ನೋಡಿದೆ.

ನಾಲ್ಕನೆಯ ಸಲ ಅಳೆಯುವ ಹೊತ್ತಿಗೆ ಅಮ್ಮನಿಗೆ ಚಳಿಜ್ವರ, ಎರಡು ಬೆರಳು ಕಪ್ಪಾಗಿದ್ದವು. ಹಾವೇರಿಗೆ ಆಂಬುಲೆನ್ಸಿನಲ್ಲಿ ಒಯ್ದೆವು. ಅಲ್ಲಿಯ ಡಾಕ್ಟರು, "ಎರಡು ವಾರ ಮೊದಲ ತಂದಿದ್ರ ಒಂದ ಬೆರಳಿಗೆ ಮುಗೀತಿತ್ತಲ್ಲವಾ, ಏನ್ ಮಾಡಾಕತ್ತಿದ್ರಿ ಮನ್ಯಾಗ?" ಅಂದರು. ಯಾರ ಮುಂದೂ ಹೇಳಬ್ಯಾಡ ಅಂದಿದ್ದರಲ್ಲ ಸರ್, ಅವರ ಮಾತು ಉಳಿಸಿದೆ. ಮೊಣಕಾಲಿನ ಕೆಳಗೆ ಕಾಲು ತೆಗೆದರು.

ಸರ್ ದವಾಖಾನೆಗೆ ಬಂದಿದ್ದರು. ದಾಳಿಂಬೆ, ಮೋಸಂಬಿ ತಂದಿದ್ದರು. ಅಮ್ಮನ ಕೈ ಹಿಡಿದುಕೊಂಡು ಬಹಳ ಹೊತ್ತು ಕೂತರು. "ಸಾಹೇಬ್ರ, ನೀವರ ಏನ್ ಮಾಡ್ತೀರಿ, ನಿಮ್ಮ ಕೈಲಾದ್ದು ಮಾಡೀರಿ. ಅಲ್ಲಾ ನಿಮಗ ಚೊಲೋ ಇಟ್ಟಿರ್ಲಿ," ಅಂತ ಅಮ್ಮಾ ಅವರಿಗೇ ಸಮಾಧಾನ ಹೇಳಿದಳು. ಅವರು ತಲೆ ತಗ್ಗಿಸಿದರು. ಎಂಥ ಮೆತ್ತನೆಯ ಮನಸ್ಸು ಅಂದುಕೊಂಡೆ.

ಆಮೇಲಿನ ನಾಲ್ಕು ವರ್ಷ ನಾನು ಬೈದುಕೊಂಡದ್ದು ನನ್ನನ್ನೇ. ಬಟ್ಟೆ ಸರಿಯಾಗಿ ಕುದಿಸಲಿಲ್ಲವೇ? ನೀರು ಹೆಚ್ಚಾಯಿತೇ? ಅಮ್ಮಾ ಕೋಲು ಊರಿಕೊಂಡು ಬಚ್ಚಲಿಗೆ ಹೋಗುವ ಸಪ್ಪಳ ಕೇಳಿದಾಗಲೆಲ್ಲ ಇದೇ ಲೆಕ್ಕ. ಒಮ್ಮೆ ತಡೆಯಲಾರದೆ ಸರ್‌ಗೆ ಕೇಳಿಯೇಬಿಟ್ಟೆ, "ಸರ್, ನನ್ನ ಕೈಲೇನ ಏನರ ತಪ್ಪಾತೇನ್ರಿ?"

"ಆಗಿರಬೌದು," ಅಂದರು. "ಬಿಡು, ಮನಸಿಗೆ ಹಚ್ಚಿಗೋಬ್ಯಾಡ."

ಎಷ್ಟು ಮೆತ್ತಗೆ ಅಂದಿದ್ದರು! ಕಾಲು ಹೋದದ್ದಕ್ಕಿಂತ ಈ ಒಂದು ಮಾತಿಗೆ ನನಗೆ ಅವರ ಮೇಲೆ ಹೆಚ್ಚು ಸಿಟ್ಟಿದೆ.

ಅವರು ನಿವೃತ್ತರಾದ ಮರುವರ್ಷ ವಿಭಾಗ ಹೊಸ ಕಟ್ಟಡಕ್ಕೆ ಹೋಯಿತು. ಹಳೆಯ ಕಪಾಟು ಖಾಲಿ ಮಾಡುವ ಕೆಲಸ ನನ್ನದು. ಆ ಪ್ರಯೋಗದ ಕಾರ್ಡುಗಳ ಕಟ್ಟು ಸಿಕ್ಕಿತು. ಹಳೆಯ ಪ್ರೀತಿಯಿಂದ ದಾರ ಬಿಚ್ಚಿದೆ. ಮೊದಲ ಕಾರ್ಡಿನ ಮುಂದೆ ಬಿ. ಹಿಂದೆ ತಿರುಗಿಸಿದರೆ ಅಲಿಫ್. ನಾನೇ ತಪ್ಪು ಬರೆದಿರಬೇಕು ಅಂದುಕೊಂಡೆ. ಇನ್ನೊಂದು ತೆಗೆದೆ. ಮುಂದೆ ಎ, ಹಿಂದೆ ಬೇ. ಕಿಟಕಿಯ ಬೆಳಕಿಗೆ ಹಿಡಿದಾಗ ಅಕ್ಷರದ ಜಾಗದಲ್ಲಿ ಕಾಗದ ತೆಳ್ಳಗಾಗಿದ್ದು ಕಂಡಿತು. ಬ್ಲೇಡಿನಿಂದ ಶಾಯಿ ಕೆರೆದು, ನನ್ನ ಅಕ್ಷರದ ಹಾಗೆಯೇ ಮತ್ತೆ ಬರೆದಿದ್ದರು. ಎಷ್ಟು ಹಗುರವಾಗಿ ಕೆರೆದಿದ್ದರೆಂದರೆ ಬೆರಳಾಡಿಸಿದರೂ ತಿಳಿಯುವಂತಿರಲಿಲ್ಲ. ಬೇಗ ಮುಚ್ಚಿದ ಐದು ಗಾಯ ಎ ಗುಂಪಿನಿಂದ ಬಿ ಗುಂಪಿಗೆ, ಮುಚ್ಚದ ಐದು ಬಿ ಗುಂಪಿನಿಂದ ಎ ಗುಂಪಿಗೆ.

ನೆಲದ ಮೇಲೆ ಕೂತು ಹಿಂದಿನ ಅಕ್ಷರದ ಪ್ರಕಾರ ಕಾರ್ಡುಗಳನ್ನು ಬೇರೆ ಮಾಡಿ ಚೌಕಗಳನ್ನು ಮತ್ತೆ ಕೂಡಿಸಿದೆ. ಔಷಧ ಹಾಕಿದವಕ್ಕೂ ಉಪ್ಪುನೀರು ಹಾಕಿದವಕ್ಕೂ ಹೇಳಿಕೊಳ್ಳುವಂಥ ಫರಕೇ ಇರಲಿಲ್ಲ. ಆ ಪೆಪ್ಟೈಡ್ ಎಲ್ಲಿಯೂ ಕೆಲಸ ಮಾಡುವುದಿಲ್ಲ ಅಂತ ನಾನು ಹೇಳುವುದಿಲ್ಲ, ಅಷ್ಟು ಓದಿದವಳಲ್ಲ. ನಮ್ಮ ಇಲಿಗಳಲ್ಲಿ, ನಮ್ಮ ಆ ಬಾಟಲಿಗಳಿಂದ, ಏನೂ ಆಗಿರಲಿಲ್ಲ. ಅದು ಸರ್‌ಗೆ ಗೊತ್ತಿತ್ತು. ನಾನು ಅಮ್ಮನಿಗಾಗಿ ಕೈಯೊಡ್ಡಿ ನಿಂತಾಗ ಗೊತ್ತಿತ್ತು, ಹಾಳೆಗಳನ್ನು ಬೆಳಕಿಗೆ ಹಿಡಿದಾಗ ಗೊತ್ತಿತ್ತು, 'ಆಗಿರಬೌದು' ಅಂದಾಗಲೂ ಗೊತ್ತಿತ್ತು.

ಎರಡು ಕಾರ್ಡು ಬ್ಯಾಗಿಗೆ ಹಾಕಿಕೊಂಡು ರಾಣೆಬೆನ್ನೂರಿನಲ್ಲೇ ಇದ್ದ ಅವರ ಮನೆಗೆ ನಡೆದೆ. ವರಾಂಡದಲ್ಲಿ ಪೇಪರು ಓದುತ್ತಾ ಕೂತಿದ್ದರು. "ಬಾ ಬಾ ಸೈಂಟಿಸ್ಟ್, ಕುಂದ್ರು. ಅಮ್ಮಾರು ಹ್ಯಾಂಗದಾರ?" ಅಂದರು. ಅವರ ಮನೆಯವರು ಚಹಾ ತಂದಿಟ್ಟು ಒಳಗೆ ಹೋದರು. ಕಾರ್ಡನ್ನು ಮೇಜಿನ ಮೇಲಿಟ್ಟು ಹಿಂದೆ ತಿರುಗಿಸಿದೆ.

"ಏನಿದು ಗೀಟು?"

"ಅಲಿಫ್ ರೀ. ನಿಮ್ಮ ಎ."

ಬುದ್ಧಿವಂತರು, ಎರಡನೆಯ ಸಲ ಹೇಳಬೇಕಾಗಲಿಲ್ಲ. ಪೇಪರು ಮಡಚಿದರು. ನಾನು ಬೇರೆ ಏನೇನೋ ನಿರೀಕ್ಷಿಸಿದ್ದೆ. ಅವರು ಮೊದಲು ಕೇಳಿದ್ದು, "ಯಾರ್‍ಯಾರಿಗೆ ತೋರಿಸೀದಿ?" ಅಂತ.

"ಯಾರಿಗೂ ಇಲ್ರಿ."

ಆಗ ಮಾತಾಡಿದರು. ಹನ್ನೆರಡು ವರ್ಷ, ಚಿಕ್ಕವರ ಎದುರು ಕೈಕಟ್ಟಿ ನಿಲ್ಲುವುದು, ಗೈಡ್ ಕೊಟ್ಟ ಕಡೆಯ ಗಡುವು. ಎಲ್ಲ ಖರೆಯೇ ಇರಬಹುದು. "ಸರ್, ಪಿಎಚ್‌ಡಿ ಮಾತ ಬಿಡ್ರಿ," ಎಂದೆ. ಅವರ ಮಾತಿನ ನಡುವೆ ನಾನು ಬಾಯಿ ಹಾಕಿದ್ದು ಅದೇ ಮೊದಲು. "ನಾ ಔಷಧಾ ಕೇಳಿದ ದಿನಾ, ಇದು ನಡಿಯಂಗಿಲ್ಲ, ದವಾಖಾನಿಗೆ ಹೋಗು ಅಂತ ಒಂದ ಮಾತ ಅಂದಿದ್ರ ಸಾಕಿತ್ತಲ್ರಿ."

"ಅಂದಿದ್ರ ಯಾಕ ಅಂತ ಕೇಳ್ತಿದ್ದಿ ನೀ. ನಿನಗ ಹೇಳಿ ತಪ್ಪಿಸಿಗೊಳ್ಳಾಕ ಆಗತಿತ್ತೇನು? ಹೊರಗ ಹಚ್ಚೂದು, ನೀರಿದ್ದಂಗ, ಕೇಡೇನ ಆಗಂಗಿಲ್ಲ ಅನಕೊಂಡೆ."

ಒಳಗೆ ಕುಕ್ಕರ್ ಕೂಗಿತು. ಕಾರ್ಡುಗಳನ್ನು ಬ್ಯಾಗಿಗೆ ಹಾಕಿಕೊಂಡೆ. ಅವು ಈಗಲೂ ನನ್ನ ಟ್ರಂಕಿನಲ್ಲಿವೆ. ಯಾರಿಗೂ ದೂರು ಕೊಡಲಿಲ್ಲ. ನೌಕರಿಯ ಹೆದರಿಕೆ, ಒಬ್ಬ ಅಟೆಂಡರಳ ಪೆನ್ಸಿಲ್ ಗೀಟನ್ನು ಯಾರು ನಂಬುತ್ತಾರೆ ಅನ್ನುವ ಹೆದರಿಕೆ. ಅಮ್ಮನಿಗೂ ಹೇಳಿಲ್ಲ. ಅವತ್ತು ಆ ವರಾಂಡದಿಂದ ಇನ್ನೇನು ಏಳಬೇಕು, ಒಂದು ಮಾತು ಕೇಳದೆ ಏಳಲು ಆಗಲಿಲ್ಲ.

"ಸರ್, ನಿಮ್ಮ ಅವ್ವಗ ಹಂಗ ಆಗಿದ್ರ?"

ನಾನು ಕಾದೆ. 'ನನ್ನ ಅವ್ವಗೂ ಅದನ್ನ ಹಚ್ಚತಿದ್ದೆ' ಅನ್ನಲಿ ಅಂತ ಕಾದೆ. ಅಂದಿದ್ದರೆ ಸುಳ್ಳೆಂದು ಗೊತ್ತಿದ್ದೂ ನಂಬುತ್ತಿದ್ದೆ, ಆರಿದ ಚಹಾ ಕುಡಿದು ಮನೆಗೆ ಹೋಗುತ್ತಿದ್ದೆ. ಹತ್ತೊಂಬತ್ತು ವರ್ಷದ ಋಣಕ್ಕೆ ಅಷ್ಟು ಮಾಡಲು ನಾನು ತಯಾರಿದ್ದೆ. ಅವರು ಕನ್ನಡಕ ಮುಟ್ಟಲಿಲ್ಲ, ಕಿಟಕಿಯ ಕಡೆ ನೋಡಲಿಲ್ಲ. ನನ್ನ ಮುಖ ನೋಡಿಯೇ ಹೇಳಿದರು.

"ಅವತ್ತ ಹಾವೇರಿಗೆ ಕರಕೊಂಡ ಹೋಗತಿದ್ದೆ."